ಯುರೋಪಿನಲ್ಲಿ ಬಾಡಿಗೆ ಕಾರಿನ ಗಡಿಯಾಚೆಗಿನ ಬಳಕೆ

ಬಾಡಿಗೆ ಕಾರಿನ ಗಡಿಯಾಚೆಗಿನ ಬಳಕೆ ಎಂದರೆ ಒಂದು ದೇಶದಲ್ಲಿ ಬಾಡಿಗೆಗೆ ಪಡೆದ ಕಾರನ್ನು ಬಾಡಿಗೆದಾರನು ತಾನೇ ಚಲಾಯಿಸಿಕೊಂಡು ಇನ್ನೊಂದು ದೇಶಕ್ಕೆ ಕೊಂಡೊಯ್ಯುವುದು. ಹಲವು ಸಣ್ಣ ದೇಶಗಳು ಒತ್ತೊತ್ತಾಗಿರುವ ಯುರೋಪ್ ಖಂಡದಲ್ಲಿ ಇದು ದಿನನಿತ್ಯದ ಸಂಗತಿಯಾಗಿದೆ. ಷೆಂಗೆನ್ ವಲಯದೊಳಗಿನ ಅನೇಕ ಗಡಿಗಳಲ್ಲಿ ತಡೆಗಂಬವಾಗಲಿ ಕಾವಲುಗಾರನಾಗಲಿ ಇಲ್ಲದಿರುವುದರಿಂದ ಕಾರನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂಬ ಭಾವನೆ ಪ್ರವಾಸಿಗರಲ್ಲಿ ಸಾಮಾನ್ಯವಾಗಿದೆ. ಆದರೆ ಗಡಿ ದಾಟಲು ಮೂರು ಬೇರೆ ಬೇರೆ ಅನುಮತಿಗಳು ಬೇಕಾಗುತ್ತವೆ. ಪ್ರಯಾಣಿಕನ ಪ್ರವೇಶಕ್ಕೆ ಆ ದೇಶದ ಅನುಮತಿ, ವಾಹನದ ಪ್ರವೇಶಕ್ಕೆ ಸುಂಕ ಮತ್ತು ವಿಮಾ ನಿಯಮಗಳ ಅನುಮತಿ, ಕಾರನ್ನು ಒಯ್ಯಲು ಅದರ ಮಾಲೀಕನಾದ ಬಾಡಿಗೆ ಸಂಸ್ಥೆಯ ಅನುಮತಿ. ಇವುಗಳಲ್ಲಿ ಒಂದು ಇದ್ದರೆ ಉಳಿದೆರಡು ತಾವಾಗಿಯೇ ದೊರೆತಂತೆ ಆಗುವುದಿಲ್ಲ.

ಹಿನ್ನೆಲೆ

ಮೋಟಾರು ವಾಹನಗಳ ಅಂತರರಾಷ್ಟ್ರೀಯ ಸಂಚಾರವನ್ನು ಕುರಿತ ಮೊದಲ ಒಡಂಬಡಿಕೆಗೆ 1909ರಲ್ಲಿ ಪ್ಯಾರಿಸ್ ನಗರದಲ್ಲಿ ಸಹಿ ಹಾಕಲಾಯಿತು. ಅನಂತರ 1949ರ ಜಿನೀವಾ ಒಡಂಬಡಿಕೆ ಮತ್ತು 1968ರ ವಿಯೆನ್ನಾ ಒಡಂಬಡಿಕೆಗಳು ಚಾಲನಾ ಪರವಾನಗಿ, ನೋಂದಣಿ ಫಲಕ ಹಾಗೂ ರಸ್ತೆ ನಿಯಮಗಳ ಪರಸ್ಪರ ಮಾನ್ಯತೆಗೆ ತಳಹದಿ ಹಾಕಿದವು. ವಿದೇಶಿ ವಾಹನಗಳನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಳಬಿಡುವ ವ್ಯವಸ್ಥೆಯನ್ನು 1954ರ ನ್ಯೂಯಾರ್ಕ್ ಒಡಂಬಡಿಕೆ ಮತ್ತು 1990ರ ಇಸ್ತಾಂಬುಲ್ ಒಡಂಬಡಿಕೆಗಳು ರೂಪಿಸಿದವು.

ಕಾರು ಬಾಡಿಗೆ ಉದ್ಯಮವೂ ಇದೇ ಅವಧಿಯಲ್ಲಿ ಬೆಳೆಯಿತು. ಜರ್ಮನಿಯ ಸಿಕ್ಸ್ಟ್ ಸಂಸ್ಥೆಯು 1912ರಲ್ಲಿ ಮ್ಯೂನಿಕ್‌ನಲ್ಲಿಯೂ, ಯುರೋಪ್‌ಕಾರ್ ಸಂಸ್ಥೆಯು 1949ರಲ್ಲಿ ಪ್ಯಾರಿಸ್‌ನಲ್ಲಿಯೂ ಆರಂಭವಾದವು. 1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಷೆಂಗೆನ್ ಗ್ರಾಮದಲ್ಲಿ ಆದ ಒಪ್ಪಂದವು 1995ರ ಮಾರ್ಚ್ 26ರಿಂದ ಆಚರಣೆಗೆ ಬಂದಿತು. ಇದರಿಂದ ಸದಸ್ಯ ದೇಶಗಳ ನಡುವಿನ ಗಡಿಗಳಲ್ಲಿ ಪ್ರಯಾಣಿಕರ ನಿತ್ಯ ತಪಾಸಣೆ ನಿಂತಿತು. ಈ ಒಪ್ಪಂದವು ವ್ಯಕ್ತಿಗಳ ಸಂಚಾರಕ್ಕೆ ಸಂಬಂಧಿಸಿದ್ದು. ಬಾಡಿಗೆ ಒಪ್ಪಂದದ ಷರತ್ತುಗಳನ್ನು ಅದು ಬದಲಿಸುವುದಿಲ್ಲ.

ಪ್ರಯಾಣಿಕನ ದಾಖಲೆಗಳು

ಷೆಂಗೆನ್ ವೀಸಾ ಹೊಂದಿರುವವರು ಆ ವಲಯದ ದೇಶಗಳ ನಡುವೆ ಸಂಚರಿಸಬಹುದು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲದಿದ್ದರೂ 2008ರಿಂದ ಷೆಂಗೆನ್ ವಲಯದಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡ್ ಈ ವಲಯಕ್ಕೆ ಸೇರಿಲ್ಲ. ಒಂದೇ ಪ್ರವೇಶದ ವೀಸಾ ಇರುವವರು ಷೆಂಗೆನ್ ವಲಯದಿಂದ ಒಮ್ಮೆ ಹೊರಬಿದ್ದರೆ ಅದೇ ವೀಸಾದ ಮೇಲೆ ಮರಳಿ ಬರಲಾಗದು. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪುಟ್ಟ ದೇಶವಾದ ಅಂಡೋರಾಕ್ಕೆ ಕಾರಿನಲ್ಲಿ ಹೋಗಿ ಬರುವವರಿಗೂ ಈ ಕಾರಣದಿಂದ ಬಹುಪ್ರವೇಶದ ವೀಸಾ ಅಗತ್ಯ.

ತಪಾಸಣೆ ಇಲ್ಲದ ಗಡಿಯಲ್ಲೂ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ಷೆಂಗೆನ್ ನಿಯಮಗಳ ಪ್ರಕಾರ ಸದಸ್ಯ ರಾಷ್ಟ್ರಗಳು ಒಳಗಡಿಗಳಲ್ಲಿ ತಾತ್ಕಾಲಿಕವಾಗಿ ತಪಾಸಣೆ ನಡೆಸಬಹುದಾಗಿದೆ. ಜರ್ಮನಿಯು 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲಿ ಇಂತಹ ತಪಾಸಣೆಯನ್ನು ಜಾರಿಗೆ ತಂದಿತು.

ಭಾರತದ ಚಾಲಕರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪ್ರಾದೇಶಿಕ ಸಾರಿಗೆ ಕಚೇರಿ, ಅಂದರೆ ಆರ್‌ಟಿಒ, ನೀಡುತ್ತದೆ. ಕರ್ನಾಟಕದಲ್ಲಿಯೂ ಇದೇ ಕ್ರಮವಿದೆ. ಇದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಇದು ಮೂಲ ಪರವಾನಗಿಯ ವಿವರಗಳನ್ನು ಅನ್ಯಭಾಷೆಗಳಲ್ಲಿ ತಿಳಿಸುವ ದಾಖಲೆಯಾದ್ದರಿಂದ ಮೂಲ ಪರವಾನಗಿಯೂ ಜೊತೆಗಿರಬೇಕು. ಪ್ರವಾಸದಲ್ಲಿ ಹಲವು ದೇಶಗಳಿದ್ದರೆ ಕಾರು ಪಡೆಯುವ ದೇಶದ ನಿಯಮವೊಂದನ್ನೇ ನೋಡದೆ, ದಾರಿಯಲ್ಲಿ ಬರುವ ಪ್ರತಿಯೊಂದು ದೇಶದ ನಿಯಮವನ್ನೂ ನೋಡಬೇಕಾಗುತ್ತದೆ.

ವಿಮೆ

ಗ್ರೀನ್ ಕಾರ್ಡ್ ವ್ಯವಸ್ಥೆ

ವಿದೇಶಿ ವಾಹನದಿಂದ ಅಪಘಾತವಾದಾಗ ಗಾಯಗೊಂಡವರಿಗೆ ಪರಿಹಾರ ದೊರಕಿಸುವುದಕ್ಕಾಗಿ 1953ರ ಜನವರಿ 1ರಿಂದ ಗ್ರೀನ್ ಕಾರ್ಡ್ ವ್ಯವಸ್ಥೆ ಜಾರಿಗೆ ಬಂದಿತು. ಇದರಲ್ಲಿ ಯುರೋಪ್ ಹಾಗೂ ಅದರ ನೆರೆಯ ನಲವತ್ತಕ್ಕೂ ಹೆಚ್ಚು ದೇಶಗಳಿವೆ. ಮೊರಾಕೊ, ಟ್ಯುನೀಷಿಯಾ ಮತ್ತು ಟರ್ಕಿ ಕೂಡ ಸದಸ್ಯ ದೇಶಗಳೇ. ಪ್ರತಿ ದೇಶದಲ್ಲಿಯೂ ಒಂದು ರಾಷ್ಟ್ರೀಯ ವಿಮಾ ಬ್ಯೂರೋ ಇರುತ್ತದೆ. ಅಪಘಾತ ನಡೆದ ದೇಶದ ಬ್ಯೂರೋ ಪರಿಹಾರದ ಹೊಣೆ ಹೊತ್ತು, ಆ ಮೊತ್ತವನ್ನು ವಾಹನದ ದೇಶದ ವಿಮಾದಾರನಿಂದ ಅಥವಾ ಬ್ಯೂರೋದಿಂದ ಪಡೆದುಕೊಳ್ಳುತ್ತದೆ. ಹೆಸರಿಗೆ ತಕ್ಕಂತೆ ಹಸಿರು ಕಾಗದದಲ್ಲಿದ್ದ ಈ ಪತ್ರವನ್ನು 2020ರಿಂದ ಬಿಳಿ ಕಾಗದದ ಮೇಲೆಯೂ ಮುದ್ರಿಸಬಹುದಾಗಿದೆ.

ಆಗಿನ ಯುರೋಪಿಯನ್ ಸಮುದಾಯವು 1972ರಲ್ಲಿ ಹೊರಡಿಸಿದ ನಿರ್ದೇಶನದಿಂದ ಸದಸ್ಯ ದೇಶಗಳ ನಡುವೆ ಗಡಿಯಲ್ಲಿ ವಿಮಾ ಪತ್ರ ತೋರಿಸುವ ಅಗತ್ಯ ತಪ್ಪಿತು. ಈ ಏರ್ಪಾಡಿಗೆ ಒಳಪಟ್ಟ ದೇಶಗಳಲ್ಲಿ ನೋಂದಣಿ ಫಲಕವನ್ನೇ ವಿಮೆಯ ಗುರುತಾಗಿ ಪರಿಗಣಿಸಲಾಗುತ್ತದೆ. ಅಲ್ಬೇನಿಯಾ, ಟರ್ಕಿ, ಮೊರಾಕೊ ಮುಂತಾದ ದೇಶಗಳನ್ನು ಪ್ರವೇಶಿಸಲು ಮಾತ್ರ ಗ್ರೀನ್ ಕಾರ್ಡ್ ಪತ್ರವೇ ಬೇಕು. ಕೊಸೊವೊ ಈ ವ್ಯವಸ್ಥೆಯಲ್ಲಿ ಇಲ್ಲದಿರುವುದರಿಂದ ಅಲ್ಲಿ ಗಡಿಯಲ್ಲಿಯೇ ಪ್ರತ್ಯೇಕ ವಿಮೆ ಕೊಳ್ಳಬೇಕಾಗುತ್ತದೆ.

ಕಾರಿಗೆ ಆಗುವ ಹಾನಿ

ಗ್ರೀನ್ ಕಾರ್ಡ್ ಮತ್ತು ನೋಂದಣಿ ಫಲಕಗಳು ಥರ್ಡ್ ಪಾರ್ಟಿ ವಿಮೆಗೆ ಮಾತ್ರ ಸಂಬಂಧಿಸಿದವು. ಎದುರಿನ ವಾಹನಕ್ಕೆ, ಪಾದಚಾರಿಗೆ ಅಥವಾ ಇತರರ ಆಸ್ತಿಗೆ ಆದ ನಷ್ಟವನ್ನು ಅದು ತುಂಬುತ್ತದೆ. ಬಾಡಿಗೆ ಕಾರು ಜಖಂಗೊಂಡರೆ ಅಥವಾ ಕಳವಾದರೆ ಆಗುವ ನಷ್ಟ ಬೇರೆಯೇ ವಿಷಯ. ಬಾಡಿಗೆಯೊಂದಿಗೆ ನೀಡಲಾಗುವ ‘ಹಾನಿ ಮನ್ನಾ’ ಸೌಲಭ್ಯವು ಕಟ್ಟುನಿಟ್ಟಾದ ಅರ್ಥದಲ್ಲಿ ವಿಮೆಯಲ್ಲ. ಒಂದು ನಿಗದಿತ ಮೊತ್ತಕ್ಕಿಂತ ಹೆಚ್ಚಿನ ನಷ್ಟವನ್ನು ಬಾಡಿಗೆದಾರನಿಂದ ಕೇಳುವುದಿಲ್ಲವೆಂದು ಸಂಸ್ಥೆಯು ನೀಡುವ ವಚನ ಅದು. ಈ ವಚನ ಒಪ್ಪಂದದ ಷರತ್ತುಗಳಿಗೆ ಒಳಪಟ್ಟಿರುತ್ತದೆ. ಅನುಮತಿ ಇಲ್ಲದ ದೇಶಕ್ಕೆ ಕಾರನ್ನು ಒಯ್ದರೆ ಅದು ರದ್ದಾಗುತ್ತದೆ ಎಂಬುದು ಸಾಮಾನ್ಯ ಷರತ್ತು.

ಹೀಗಾಗಿ ರಸ್ತೆಯ ಕಾನೂನಿನ ಪ್ರಕಾರ ಯಾವ ತಪ್ಪೂ ಮಾಡದ ಚಾಲಕನೂ ಗಡಿಯಾಚೆ ಕಾರು ನಜ್ಜುಗುಜ್ಜಾದರೆ ಅದರ ಪೂರ್ಣ ಬೆಲೆಗೆ ಹೊಣೆಯಾಗಬಹುದು. ಹಲವು ಕ್ರೆಡಿಟ್ ಕಾರ್ಡ್ ವಿಮೆಗಳು ಮತ್ತು ಪ್ರತ್ಯೇಕವಾಗಿ ಕೊಂಡ ಪ್ರವಾಸ ವಿಮೆಗಳು ಕೂಡ ಬಾಡಿಗೆ ಒಪ್ಪಂದದ ಉಲ್ಲಂಘನೆಯಾದಾಗ ಪರಿಹಾರ ನೀಡುವುದಿಲ್ಲ. ಕೆಟ್ಟು ನಿಂತ ಕಾರನ್ನು ಎಳೆದೊಯ್ಯುವ ಅಥವಾ ಬದಲಿ ಕಾರು ನೀಡುವ ಸೇವೆಯೂ ಅನುಮತಿ ಪಡೆದ ದೇಶಗಳಿಗೆ ಸೀಮಿತವಾಗಿರಬಹುದು.

ಬಾಡಿಗೆ ಸಂಸ್ಥೆಯ ಅನುಮತಿ

ಬಾಡಿಗೆ ಸಂಸ್ಥೆಗಳು ಸಾಮಾನ್ಯವಾಗಿ ದೇಶಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುತ್ತವೆ: ಮುಕ್ತವಾಗಿ ಹೋಗಬಹುದಾದವು, ಶುಲ್ಕ ಕಟ್ಟಿ ಮುಂಚಿತವಾಗಿ ತಿಳಿಸಿ ಹೋಗಬೇಕಾದವು ಮತ್ತು ನಿಷಿದ್ಧವಾದವು. ಈ ಪಟ್ಟಿ ಸಂಸ್ಥೆಯಿಂದ ಸಂಸ್ಥೆಗೆ, ಒಂದೇ ಸಂಸ್ಥೆಯಲ್ಲಿ ದೇಶದಿಂದ ದೇಶಕ್ಕೆ, ಕಾರಿನ ದರ್ಜೆಗೆ ತಕ್ಕಂತೆಯೂ ಬದಲಾಗುತ್ತದೆ. ದುಬಾರಿ ಕಾರುಗಳನ್ನು ಕಳವಿನ ಭಯದಿಂದ ಕೆಲವು ದೇಶಗಳಿಗೆ ಒಯ್ಯಗೊಡದಿರುವುದುಂಟು. ಹಡಗಿನಲ್ಲಿ ಕಾರನ್ನು ಸಾಗಿಸುವುದಕ್ಕೂ ಕೆಲವೆಡೆ ಪ್ರತ್ಯೇಕ ಅನುಮತಿ ಬೇಕು.

ಅನುಮತಿಯು ಬಾಡಿಗೆ ಒಪ್ಪಂದದಲ್ಲಿಯೇ ಲಿಖಿತವಾಗಿ ನಮೂದಾಗಿರುವುದು ಮುಖ್ಯ. ಮಧ್ಯವರ್ತಿ ಜಾಲತಾಣದ ಮೂಲಕ ಕಾರನ್ನು ಕಾಯ್ದಿರಿಸಿದಾಗಲೂ ಕಾರು ನೀಡುವ ಸಂಸ್ಥೆಯ ಷರತ್ತುಗಳೇ ಅನ್ವಯವಾಗುತ್ತವೆ. ಪೊಲೀಸರು ಕೇಳಿದಾಗ ಕಾರು ಕದ್ದದ್ದಲ್ಲ ಎಂದು ತೋರಿಸುವ ಆಧಾರವೂ ಈ ಒಪ್ಪಂದ ಪತ್ರವೇ. ಬ್ರಿಟನ್ನಿನ ಬಾಡಿಗೆ ಕಾರುಗಳಿಗೆ ಮೂಲ ನೋಂದಣಿ ಪತ್ರದ ಬದಲಾಗಿ ‘ವಿಇ103’ ಎಂಬ ಪ್ರಮಾಣಪತ್ರವನ್ನು ನೀಡುವ ಪದ್ಧತಿಯಿದೆ.

ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟುಹೋಗುವುದಕ್ಕೆ ಹೆಚ್ಚಿನ ಶುಲ್ಕವಿದೆ. ಹೊರದೇಶದ ನೋಂದಣಿಯ ಕಾರನ್ನು ಸ್ಥಳೀಯರಿಗೆ ಮತ್ತೆ ಬಾಡಿಗೆಗೆ ಕೊಡುವುದು ಸುಲಭವಲ್ಲದ ಕಾರಣ ಸಂಸ್ಥೆಯು ಅದನ್ನು ಮೂಲ ದೇಶಕ್ಕೆ ಮರಳಿ ತರಿಸಬೇಕಾಗುತ್ತದೆ. ಈ ಶುಲ್ಕ ಕೆಲವೊಮ್ಮೆ ಕಾರಿನ ಬಾಡಿಗೆಯನ್ನೂ ಮೀರುತ್ತದೆ.

ಸುಂಕದ ನಿಯಮಗಳು

ಯುರೋಪಿಯನ್ ಒಕ್ಕೂಟದ ದೇಶಗಳು ಒಂದೇ ಸುಂಕ ವಲಯವಾಗಿರುವುದರಿಂದ ಅವುಗಳ ನಡುವೆ ಕಾರಿಗೆ ಸುಂಕದ ಪ್ರಶ್ನೆ ಏಳುವುದಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಈ ವಲಯದ ಹೊರಗಿವೆ. ಒಕ್ಕೂಟದ ಹೊರಗೆ ವಾಸಿಸುವ ಪ್ರವಾಸಿಯು ಸ್ವಿಸ್ ನೋಂದಣಿಯ ಬಾಡಿಗೆ ಕಾರಿನಲ್ಲಿ ಒಕ್ಕೂಟದ ದೇಶಗಳನ್ನು ತಾತ್ಕಾಲಿಕವಾಗಿ ಸುತ್ತಬಹುದು. ಆದರೆ ಒಕ್ಕೂಟದ ನಿವಾಸಿಗೆ ಈ ಸೌಲಭ್ಯ ಸೀಮಿತವಾಗಿದೆ. ಹೊರಗೆ ನೋಂದಣಿಯಾದ ಬಾಡಿಗೆ ಕಾರನ್ನು ಅವನು ಲಿಖಿತ ಒಪ್ಪಂದದೊಂದಿಗೆ ಒಕ್ಕೂಟದೊಳಗಿನ ತನ್ನ ವಾಸಸ್ಥಳಕ್ಕೆ ಮರಳಲು ಅಥವಾ ಒಕ್ಕೂಟದಿಂದ ಹೊರಹೋಗಲು ಸುಂಕವಿಲ್ಲದೆ ಬಳಸಬಹುದು.

ಇಲ್ಲಿ ಲೆಕ್ಕಕ್ಕೆ ಬರುವುದು ವಾಸಸ್ಥಳವೇ ಹೊರತು ಪೌರತ್ವವಲ್ಲ. ಬೆಂಗಳೂರಿನಿಂದ ಪ್ರವಾಸಕ್ಕೆ ಬಂದವರಿಗೂ, ಉದ್ಯೋಗನಿಮಿತ್ತ ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಗೂ ಒಂದೇ ಕಾರಿನ ವಿಷಯದಲ್ಲಿ ಬೇರೆ ಬೇರೆ ನಿಯಮಗಳು ಅನ್ವಯವಾಗುತ್ತವೆ. ನಿಯಮ ಮೀರಿದರೆ ಕಾರಿನ ಮೇಲಿನ ಆಮದು ಸುಂಕ ಮತ್ತು ತೆರಿಗೆಯನ್ನು ಕೇಳುವ ಸಾಧ್ಯತೆಯಿದೆ.

ರಸ್ತೆ ಶುಲ್ಕ, ಸಲಕರಣೆ ಮತ್ತು ದಂಡ

ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಸ್ಲೊವೇನಿಯಾ, ಹಂಗೆರಿ, ಜೆಕ್ ಗಣರಾಜ್ಯ ಮೊದಲಾದ ದೇಶಗಳಲ್ಲಿ ಹೆದ್ದಾರಿ ಬಳಸಲು ‘ವಿನ್ಯೆಟ್’ ಎಂಬ ಶುಲ್ಕ ಚೀಟಿ ಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ವರ್ಷಕ್ಕೆ 40 ಫ್ರಾಂಕ್ ಬೆಲೆಯ ಒಂದೇ ಬಗೆಯ ವಿನ್ಯೆಟ್ ಇದೆ. ಆಸ್ಟ್ರಿಯಾದಲ್ಲಿ 10 ದಿನ, ಎರಡು ತಿಂಗಳು ಮುಂತಾದ ಕಡಿಮೆ ಅವಧಿಯವೂ ದೊರೆಯುತ್ತವೆ. ವಿದ್ಯುನ್ಮಾನ ವಿನ್ಯೆಟ್ ನೋಂದಣಿ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಬಾಡಿಗೆದಾರನಿಗೆ ಆ ಸಂಖ್ಯೆ ತಿಳಿಯುವುದು ಕಾರು ಕೈಸೇರಿದ ಮೇಲೆಯೇ ಆದ್ದರಿಂದ, ಚೀಟಿಯನ್ನು ಕಾರು ಪಡೆದ ಬಳಿಕ ಹಾಗೂ ಗಡಿ ದಾಟುವ ಮೊದಲು ಕೊಳ್ಳಬೇಕಾಗುತ್ತದೆ.

ವಾಹನದಲ್ಲಿರಬೇಕಾದ ಸಲಕರಣೆಗಳೂ ದೇಶಕ್ಕೆ ತಕ್ಕಂತೆ ಬದಲಾಗುತ್ತವೆ. ಫ್ರಾನ್ಸ್‌ನಲ್ಲಿ ಎಚ್ಚರಿಕೆಯ ತ್ರಿಕೋನ ಮತ್ತು ಬೆಳಕು ಪ್ರತಿಫಲಿಸುವ ಅಂಗಿ ಕಡ್ಡಾಯ. ಆಸ್ಟ್ರಿಯಾದಲ್ಲಿ ಇವುಗಳ ಜೊತೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಬೇಕು. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ ಅಥವಾ ಮಂಜುಗಡ್ಡೆಯಿರುವ ಆಸ್ಟ್ರಿಯಾದ ರಸ್ತೆಗಳಲ್ಲಿ ಚಳಿಗಾಲದ ಟೈರ್‌ಗಳು ಕಡ್ಡಾಯವಾಗಿವೆ. ದಕ್ಷಿಣ ಯುರೋಪಿನ ಬೆಚ್ಚನೆಯ ಊರಿನಲ್ಲಿ ಪಡೆದ ಕಾರಿನಲ್ಲಿ ಅವು ಇರುತ್ತವೆಂದು ಭಾವಿಸುವಂತಿಲ್ಲ. ಜರ್ಮನಿಯ ಹಲವು ನಗರಗಳ ಪರಿಸರ ವಲಯಗಳನ್ನು ಪ್ರವೇಶಿಸಲು ವಿದೇಶಿ ಕಾರುಗಳಿಗೂ ಹೊಗೆಯ ಪ್ರಮಾಣ ಸೂಚಿಸುವ ಚೀಟಿ ಬೇಕು.

ಗಡಿ ದಾಟಿ ಬಂದ ಮಾತ್ರಕ್ಕೆ ದಂಡ ತಪ್ಪುವುದಿಲ್ಲ. ವೇಗಮಿತಿ ಮೀರಿದ ವಿದೇಶಿ ವಾಹನದ ಮಾಲೀಕರ ವಿವರವನ್ನು ಒಕ್ಕೂಟದ ದೇಶಗಳು ಪರಸ್ಪರ ಹಂಚಿಕೊಳ್ಳುತ್ತವೆ. ಬಾಡಿಗೆ ಸಂಸ್ಥೆಯು ಚಾಲಕನ ಹೆಸರು ಮತ್ತು ವಿಳಾಸವನ್ನು ಅಧಿಕಾರಿಗಳಿಗೆ ನೀಡಿ, ಆ ಕೆಲಸಕ್ಕಾಗಿ ಅವನ ಕಾರ್ಡಿನಿಂದ ಶುಲ್ಕ ಪಡೆಯುವುದು ರೂಢಿ. ದಂಡದ ಮೊತ್ತ ಇದರಿಂದ ಬೇರೆ.

ಕೆಲವು ಗಡಿಗಳು

ಬಾಸೆಲ್-ಮ್ಯುಲೂಸ್

ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮತ್ತು ಫ್ರಾನ್ಸ್‌ನ ಮ್ಯುಲೂಸ್ ನಗರಗಳಿಗೆ ಸೇವೆ ಸಲ್ಲಿಸುವ ವಿಮಾನ ನಿಲ್ದಾಣವು ಫ್ರಾನ್ಸ್‌ನ ನೆಲದಲ್ಲಿದ್ದು, ಎರಡೂ ದೇಶಗಳು ಜೊತೆಯಾಗಿ ನಡೆಸುತ್ತವೆ. ಒಂದೇ ಕಟ್ಟಡದಲ್ಲಿ ಸ್ವಿಸ್ ಮತ್ತು ಫ್ರೆಂಚ್ ವಿಭಾಗಗಳಿವೆ. ಕಾರನ್ನು ಯಾವ ವಿಭಾಗದಲ್ಲಿ ಪಡೆಯಲಾಯಿತು ಎಂಬುದರ ಮೇಲೆ ಬಾಡಿಗೆ, ಷರತ್ತು ಮತ್ತು ಸುಂಕದ ನಿಯಮಗಳು ಬೇರೆಯಾಗುತ್ತವೆ. ಸ್ವಿಸ್ ವಿಭಾಗವನ್ನು ಬಾಸೆಲ್ ನಗರಕ್ಕೆ ಜೋಡಿಸುವ ಪ್ರತ್ಯೇಕ ಕಸ್ಟಮ್ಸ್ ರಸ್ತೆಯಿದೆ. ಕಾರನ್ನು ಮರಳಿಸುವವರು ಸರಿಯಾದ ವಿಭಾಗದ ದಾರಿ ಹಿಡಿಯಬೇಕಾಗುತ್ತದೆ.

ನೆಯುಮ್

ಕ್ರೊಯೇಷಿಯಾದ ಸ್ಪ್ಲಿಟ್ ಮತ್ತು ಡುಬ್ರೊವ್ನಿಕ್ ನಗರಗಳ ನಡುವೆ ಬೋಸ್ನಿಯಾ-ಹೆರ್ಜೆಗೊವಿನಾ ದೇಶವು ನೆಯುಮ್ ಬಳಿ ಸಮುದ್ರವನ್ನು ಮುಟ್ಟುತ್ತದೆ. ಆದ್ದರಿಂದ ಒಂದೇ ದೇಶದ ಎರಡು ನಗರಗಳ ನಡುವೆ ಕರಾವಳಿ ರಸ್ತೆಯಲ್ಲಿ ಹೋಗುವ ಬಾಡಿಗೆ ಕಾರು ಎರಡು ಬಾರಿ ಅಂತರರಾಷ್ಟ್ರೀಯ ಗಡಿ ದಾಟಬೇಕಾಗಿತ್ತು. 2022ರ ಜುಲೈ 26ರಂದು ಸುಮಾರು 2.4 ಕಿ.ಮೀ. ಉದ್ದದ ಪೆಲ್ಯೆಶಾಟ್ಸ್ ಸೇತುವೆ ಸಂಚಾರಕ್ಕೆ ತೆರೆದು ಈ ಅಗತ್ಯ ತಪ್ಪಿತು. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ವಲಯ ಸೇರಿದ್ದರಿಂದ, ಹಳೆಯ ರಸ್ತೆಯಲ್ಲಿ ಹೋಗುವುದು ಈಗ ಷೆಂಗೆನ್ ವಲಯದಿಂದ ಹೊರಹೋಗಿ ಮರಳಿ ಬಂದಂತೆಯೇ ಆಗುತ್ತದೆ.

ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್

ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಹೋಗುವ ರಸ್ತೆಯಲ್ಲಿ ಗಡಿ ಠಾಣೆಯಿಲ್ಲ. ವೇಗಮಿತಿಯ ಫಲಕಗಳು ಕಿಲೋಮೀಟರಿನಿಂದ ಮೈಲಿಗೆ ಬದಲಾಗುವುದೇ ಗಡಿಯ ಮುಖ್ಯ ಗುರುತು. ಐರ್ಲೆಂಡ್ 2005ರಲ್ಲಿ ವೇಗಮಿತಿಯನ್ನು ಕಿಲೋಮೀಟರಿಗೆ ಬದಲಿಸಿತು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿ ಮೈಲಿಯೇ ಉಳಿದಿದೆ. 60 ಎಂಬ ಫಲಕಕ್ಕೆ ಎರಡು ಕಡೆ ಎರಡು ಅರ್ಥಗಳಿವೆ. ತಪಾಸಣೆ ಇಲ್ಲವೆಂಬ ಮಾತ್ರಕ್ಕೆ ಬ್ರಿಟನ್ ಪ್ರವೇಶಕ್ಕೆ ಬೇಕಾದ ವೀಸಾ ಅನಗತ್ಯವಾಗುವುದಿಲ್ಲ.

ಇಂಗ್ಲಿಷ್ ಕಾಲುವೆ

1994ರಲ್ಲಿ ಆರಂಭವಾದ ಕಡಲಡಿಯ ಸುರಂಗದ ಮೂಲಕ ಕಾರುಗಳನ್ನು ಫೋಕ್‌ಸ್ಟನ್ ಮತ್ತು ಕ್ಯಾಲೆ ನಡುವೆ ರೈಲಿನಲ್ಲಿ ಸಾಗಿಸಲಾಗುತ್ತದೆ. ಬ್ರಿಟನ್ನಿನಲ್ಲಿ ಭಾರತದಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಚಲಿಸುತ್ತದೆ, ಫ್ರಾನ್ಸ್‌ನಲ್ಲಿ ಬಲಬದಿಯಲ್ಲಿ. ಬಲಗಡೆ ಸ್ಟಿಯರಿಂಗ್ ಇರುವ ಬ್ರಿಟಿಷ್ ಕಾರಿನಿಂದ ಫ್ರಾನ್ಸ್‌ನ ಇಕ್ಕಟ್ಟಾದ ರಸ್ತೆಗಳಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವಾಗ ಎದುರಿನ ದಾರಿ ಸರಿಯಾಗಿ ಕಾಣುವುದಿಲ್ಲ. ಈ ಕಾರಣದಿಂದ ಹಾಗೂ ಸಂಸ್ಥೆಗಳ ಹೆಚ್ಚುವರಿ ಶುಲ್ಕದಿಂದ ತಪ್ಪಿಸಿಕೊಳ್ಳಲು ಅನೇಕರು ರೈಲಿನಲ್ಲಿ ಕಾಲುವೆ ದಾಟಿ, ಆಚೆ ದಡದಲ್ಲಿ ಬೇರೊಂದು ಕಾರನ್ನು ಬಾಡಿಗೆಗೆ ಪಡೆಯುತ್ತಾರೆ.