ಊಟಿಯ ಕಾಸ್ಮಿಕ್ ಕಿರಣಗಳೂ ‘ರಾತ್ರಿ ಮೊಬೈಲ್ ಆಫ್ ಮಾಡಿ’ ಮೆಸೇಜೂ

ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಬರುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ, ನಾಸಾ ಮತ್ತು ಬಿಬಿಸಿ ಹೇಳಿದೆ ಎಂಬ ಮೆಸೇಜು ಕುಟುಂಬದ ಗ್ರೂಪಿನಲ್ಲಿ ಒಮ್ಮೆಯಾದರೂ ಬಾರದ ಮನೆ ಇರಲಿಕ್ಕಿಲ್ಲ. ಹತ್ತು ವರ್ಷಕ್ಕೂ ಮೇಲಾಯಿತು, ಅದೇ ಮೆಸೇಜು ಸುತ್ತುತ್ತಿದೆ. ಅದರಲ್ಲಿ ತಾರೀಕು ಇರುವುದಿಲ್ಲ, ‘ಇವತ್ತು ರಾತ್ರಿ’ ಅಂತ ಮಾತ್ರ ಇರುತ್ತದೆ. ಹಾಗಾಗಿ ಅದು ಎಂದಿಗೂ ಹಳತಾಗುವುದೇ ಇಲ್ಲ.

ತಮಾಷೆ ಏನೆಂದರೆ, ಕಾಸ್ಮಿಕ್ ಕಿರಣಗಳನ್ನು ಹಗಲೂ ರಾತ್ರಿ ಅಳೆಯುವ ಕೇಂದ್ರವೊಂದು ನಮ್ಮ ಪಕ್ಕದಲ್ಲೇ ಇದೆ. ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ ದಾಟಿ ಊಟಿಗೆ ಪ್ರವಾಸ ಹೋಗುವವರಲ್ಲಿ ಹೆಚ್ಚಿನವರಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಉದಗಮಂಡಲದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಾಸ್ಮಿಕ್ ಕಿರಣ ಪ್ರಯೋಗಾಲಯವಿದೆ. ಅಲ್ಲಿನ ಭಾರತ-ಜಪಾನ್ ಜಂಟಿ ಪ್ರಯೋಗದ ಹೆಸರು ಗ್ರೇಪ್ಸ್-3. ಅದರ ಮ್ಯೂವಾನ್ ದೂರದರ್ಶಕದ ವಿಸ್ತೀರ್ಣ 560 ಚದರ ಮೀಟರ್. ಬಾಹ್ಯಾಕಾಶದಿಂದ ಬರುವ ಕಣಗಳು ಮೇಲಿನ ವಾತಾವರಣಕ್ಕೆ ಬಡಿದಾಗ ಹುಟ್ಟುವ ಚಿಕ್ಕ ಕಣವೇ ಮ್ಯೂವಾನ್. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಸುಮಾರು ಒಂದು ಮ್ಯೂವಾನ್ ಅದರ ಮೂಲಕ ಹಾದುಹೋಗುತ್ತದೆ. ಮೊಬೈಲ್ ಆನ್ ಇರಲಿ, ಆಫ್ ಇರಲಿ, ಅದಕ್ಕೆ ವ್ಯತ್ಯಾಸವಿಲ್ಲ.

ಆದರೆ ಈ ಪ್ರಯೋಗಾಲಯದ ನಿಜವಾದ ಸುದ್ದಿಯೂ ಒಮ್ಮೆ ಜನರನ್ನು ಹೆದರಿಸುವ ರೂಪ ತಾಳಿತ್ತು. 2015ರ ಜೂನ್ 22ರಂದು ಸೂರ್ಯನಿಂದ ಚಿಮ್ಮಿದ ಕಾವೇರಿದ ಅನಿಲದ ಭಾರೀ ಮೋಡವೊಂದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿತು. ಗ್ರೇಪ್ಸ್-3 ಸುಮಾರು ಎರಡು ಗಂಟೆ ಕಾಲ ಮ್ಯೂವಾನ್‌ಗಳ ಏರಿಕೆ ದಾಖಲಿಸಿತು. ವಿಜ್ಞಾನಿಗಳು ಲೆಕ್ಕ ಹಾಕಿ, ಭೂಮಿಯ ಕಾಂತಕವಚ ಆ ಹೊತ್ತಿನಲ್ಲಿ ತಾತ್ಕಾಲಿಕವಾಗಿ ದುರ್ಬಲವಾಗಿತ್ತು ಎಂದು 2016ರ ಅಕ್ಟೋಬರ್‌ನಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಬರೆದರು. ಸುದ್ದಿಯ ತಲೆಬರಹಗಳಲ್ಲಿ ಅದು ‘ಭೂಮಿಯ ಕವಚದಲ್ಲಿ ಬಿರುಕು’ ಆಯಿತು.

ಸುದ್ದಿ ಪೂರ್ತಿ ಸುಳ್ಳಲ್ಲ. ಸಮಸ್ಯೆ ಇರುವುದು ಪದದಲ್ಲಿ. ಗೋಡೆಯಲ್ಲಿ ಬಿರುಕು ಬಿಟ್ಟರೆ ಅದು ಹಾಗೇ ಉಳಿಯುತ್ತದೆ, ದೊಡ್ಡದಾಗುತ್ತದೆ. ಇಲ್ಲಿ ಆದದ್ದು ಎರಡು ಗಂಟೆಯ ಕುಗ್ಗುವಿಕೆ, ಬಳಿಕ ಎಲ್ಲ ಮೊದಲಿನಂತೆ. ಸುದ್ದಿ ಬರುವಷ್ಟರಲ್ಲಿ ಘಟನೆ ನಡೆದು ಹದಿನಾರು ತಿಂಗಳಾಗಿತ್ತು. ತಲೆಬರಹ ಮಾತ್ರ ಓದಿದವರಿಗೆ ಇದ್ಯಾವುದೂ ತಿಳಿಯುವುದಿಲ್ಲ. ಮೂಲ ಲೇಖನದ ಶೀರ್ಷಿಕೆಯಲ್ಲೇ ‘ತಾತ್ಕಾಲಿಕ’ ಎಂಬ ಅರ್ಥದ ಪದ ಇತ್ತು.

ಮೂಲ ಹುಡುಕುವುದೆಂದರೆ ಇಷ್ಟೇ. ನಾಸಾ ಹೇಳಿದೆ ಎಂದರೆ ನಾಸಾದ ಯಾವ ಪ್ರಕಟಣೆ, ಯಾವ ದಿನದ್ದು? ಸಂಶೋಧನೆ ಎಂದರೆ ಯಾವ ಸಂಸ್ಥೆಯದ್ದು, ಯಾವ ಪತ್ರಿಕೆಯಲ್ಲಿ ಬಂದಿದೆ? ಗ್ರೇಪ್ಸ್-3 ಸುದ್ದಿಗೆ ಈ ಪ್ರಶ್ನೆ ಹಾಕಿದರೆ ಉತ್ತರ ಸಿಗುತ್ತದೆ. ಮಂಗಳ ಗ್ರಹದ ಮೆಸೇಜಿಗೆ ಹಾಕಿದರೆ ಏನೂ ಸಿಗುವುದಿಲ್ಲ. ಡಾಕ್ಟರೋ ಮೇಷ್ಟ್ರೋ ಫಾರ್ವರ್ಡ್ ಮಾಡಿದ್ದಾರೆ ಎಂಬುದು ಉತ್ತರ ಅಲ್ಲ. ಅವರೂ ಬೇರೆಯವರಿಂದ ಬಂದದ್ದನ್ನೇ ಕಳಿಸಿರುತ್ತಾರೆ.

ಮಸಿನಗುಡಿ ಪಕ್ಕದ ಸಿಂಗಾರದ ಕಥೆ ಸ್ವಲ್ಪ ಬೇರೆ ರೀತಿಯದ್ದು. ಭಾರತದ ನ್ಯೂಟ್ರಿನೊ ವೀಕ್ಷಣಾಲಯವನ್ನು ಮೊದಲು ಯೋಜಿಸಿದ್ದು ಅಲ್ಲೇ. ಮುದುಮಲೈ ಹುಲಿ ಮೀಸಲು ಪ್ರದೇಶಕ್ಕೆ ತಾಗಿದ, ಆನೆ ಓಡಾಡುವ ಜಾಗವೆಂದು 2009ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಪ್ಪಲಿಲ್ಲ. ಯೋಜನೆ ತೇನಿ ಜಿಲ್ಲೆಯ ಬೋಡಿ ಬೆಟ್ಟಕ್ಕೆ ಹೋಯಿತು, ಅಲ್ಲೂ ವಿರೋಧ ಬಂತು. ಕಾಡು, ಆನೆ, ಬೆಟ್ಟ ಕೊರೆಯುವ ಕೆಲಸದ ಬಗ್ಗೆ ಎತ್ತಿದ ಪ್ರಶ್ನೆಗಳು ಗಟ್ಟಿಯಾಗಿದ್ದವು. ನ್ಯೂಟ್ರಿನೊದಿಂದಲೇ ವಿಕಿರಣ ಹರಡುತ್ತದೆ ಎಂಬ ಹೆದರಿಕೆಗೆ ಮಾತ್ರ ಆಧಾರ ಇರಲಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳು ನಮ್ಮ ದೇಹದ ಪ್ರತಿ ಚದರ ಸೆಂಟಿಮೀಟರ್ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿಯಷ್ಟು ಈಗಲೂ ಹಾದುಹೋಗುತ್ತಿವೆ. ನಮ್ಮದೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ವಾತಾವರಣದ ನ್ಯೂಟ್ರಿನೊ ಪತ್ತೆಯಾಗಿತ್ತು. ಒಂದೇ ಕರಪತ್ರದಲ್ಲಿ ಸರಿಯಾದ ವಾದವೂ ತಪ್ಪು ವಾದವೂ ಇರಬಹುದು. ಪೂರ್ತಿ ನಂಬುವುದು, ಪೂರ್ತಿ ಎಸೆಯುವುದು ಎರಡೂ ಸುಲಭ. ಬಿಡಿಸಿ ನೋಡುವುದಕ್ಕೆ ತಾಳ್ಮೆ ಬೇಕು.

2021ರ ಡಿಸೆಂಬರ್ 8ರಂದು ಕೂನೂರು ಬಳಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಬಿದ್ದಾಗಲಂತೂ ತಾಳ್ಮೆ ಯಾರಲ್ಲೂ ಇರಲಿಲ್ಲ. ಉರಿಯುತ್ತಾ ಬೀಳುವ ಹೆಲಿಕಾಪ್ಟರ್‌ನ ವೀಡಿಯೊ ಓಡಾಡಿತು. ಅದು 2020ರಲ್ಲಿ ಸಿರಿಯಾದ ಇದ್ಲಿಬ್‌ನಲ್ಲಿ ತೆಗೆದದ್ದು. ಹೊಸ ಅಸ್ತ್ರ ಬಳಸಿ ಹೊಡೆದರು ಎಂಬ ಕಥೆಗಳೂ ಹುಟ್ಟಿಕೊಂಡವು. 2022ರ ಜನವರಿಯಲ್ಲಿ ವಾಯುಪಡೆ ತನಿಖೆಯ ಸಾರ ತಿಳಿಸಿತು: ಕಣಿವೆಯಲ್ಲಿ ಹವಾಮಾನ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿತು, ಯಂತ್ರದೋಷ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ ಯಾವುದೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿಯ ವರದಿಯಲ್ಲಿ ಕಾರಣದ ಜಾಗದಲ್ಲಿ ‘ಸಿಬ್ಬಂದಿಯ ಮಾನವ ದೋಷ’ ಎಂದು ಬಂತು. ಅಧಿಕೃತ ಮೂಲಗಳಲ್ಲೂ ಒಂದನ್ನು ಮಾತ್ರ ಓದಿದವರಿಗೆ ಅರ್ಧ ಚಿತ್ರವೇ ಸಿಗುತ್ತದೆ.

ಇನ್ನು ಊಟಿಗೆ ಹೊರಟವರಿಗೆ ಬರುವ ಇ-ಪಾಸ್ ಮೆಸೇಜುಗಳಲ್ಲಿ ಮೊದಲು ನೋಡಬೇಕಾದದ್ದು ತಾರೀಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ ಇ-ಪಾಸ್ ಶುರುವಾದದ್ದು 2024ರ ಮೇ 7ರಂದು. 2025ರ ಏಪ್ರಿಲ್‌ನಿಂದ ಬೇಸಿಗೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಬಂತು. ಹಳೆಯ ಮೆಸೇಜು ನಂಬಿ ಮಕ್ಕಳುಮರಿ ಕಟ್ಟಿಕೊಂಡು ಹೋದರೆ ಚೆಕ್‌ಪೋಸ್ಟಿನಿಂದ ವಾಪಸು ಬರಬೇಕಾದೀತು. ಹೊರಡುವ ವಾರದಲ್ಲಿ ನೀಲಗಿರಿ ಜಿಲ್ಲಾಡಳಿತ ಏನು ಪ್ರಕಟಿಸಿದೆ ಎಂದು ನೋಡಲು ಐದು ನಿಮಿಷ ಸಾಕು.