ಮೂರು ರಾಯರ 'ಗಂಡ' ಎಂದರೆ ಯಾರು?

ನಮ್ಮ ಸೀಮೆಯಲ್ಲಿ ಶ್ರೀಕೃಷ್ಣದೇವರಾಯನಿಗೆ ಎರಡು ಮುಖ. ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ರಾಯ ಅಂದರೆ ರಾಜ್‌ಕುಮಾರ್. ತೆಲುಗು ಸಿನಿಮಾ ನೋಡಿ ಬೆಳೆದವರಿಗೆ ಎನ್.ಟಿ. ರಾಮರಾವ್. ಕಲ್ಯಾಣದುರ್ಗ, ಬ್ರಹ್ಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಒಂದೇ ಮನೆಯೊಳಗೆ ಈ ಎರಡೂ ಮುಖಗಳು ಒಟ್ಟಿಗೆ ಇರುತ್ತವೆ. ಎರಡು ಭಾಷೆಯ ನಡುವೆ ಬದುಕುವವರಿಗೆ ಇದು ಹೊಸದೇನಲ್ಲ ಬಿಡಿ.

ತೆಲುಗಿನಲ್ಲಿ 1956ರ 'ತೆನಾಲಿ ರಾಮಕೃಷ್ಣ' ಮತ್ತು 1962ರ 'ಮಹಾಮಂತ್ರಿ ತಿಮ್ಮರುಸು' ಎರಡರಲ್ಲೂ ರಾಯನಾದವರು ಎನ್.ಟಿ.ಆರ್. ಕನ್ನಡದಲ್ಲಿ ಬಿ.ಆರ್. ಪಂತುಲು ಅವರ 'ಶ್ರೀಕೃಷ್ಣದೇವರಾಯ' ಬಂದದ್ದು 1970ರಲ್ಲಿ. ರಾಜ್‌ಕುಮಾರ್ ರಾಯ, ಪಂತುಲು ಅವರೇ ತಿಮ್ಮರುಸು. ಆಮೇಲೆ 1991ರ 'ಆದಿತ್ಯ 369'ರಲ್ಲಿ ಬಾಲಕೃಷ್ಣ ರಾಯನಾದರು. ಇನ್ನೊಂದು ತಮಾಷೆ ನೋಡಿ. ತಂದೆ ಎನ್.ಟಿ.ಆರ್. 1985ರಿಂದ ಮೂರು ಸಲ, ಮಗ ಬಾಲಕೃಷ್ಣ 2014ರಿಂದ ಮೂರು ಸಲ, ನಮ್ಮ ಹಿಂದೂಪುರದಿಂದಲೇ ಶಾಸಕರಾಗಿ ಗೆದ್ದರು. ತೆರೆಯ ಮೇಲಿನ ಇಬ್ಬರು ಕೃಷ್ಣದೇವರಾಯರಿಗೆ ಓಟು ಹಾಕಿದ ಊರು ಇನ್ನೊಂದು ಇರಲಾರದು!

ಹೀಗಿರುವಾಗ ವಾದ ಹುಟ್ಟದೆ ಇರುತ್ತದೆಯೇ? ಟೀ ಅಂಗಡಿಯಿಂದ ಶಾಲೆಯ ಸ್ಟಾಫ್ ರೂಮಿನವರೆಗೆ ನಾವು ಕೇಳಿರುವ ಜಗಳಗಳಲ್ಲಿ ಮುಖ್ಯವಾದವು ಎರಡು. ಒಂದು, ರಾಯನ ತಲೆಯ ಮೇಲೆ ಇದ್ದದ್ದು ಕಿರೀಟವೋ ಟೋಪಿಯೋ? ಇನ್ನೊಂದು, ಆಸ್ಥಾನದ ದೃಶ್ಯದಲ್ಲಿ ಹೊಗಳುಭಟ್ಟರು ಗಡಗಡನೆ ಹೇಳುವ ಪರಾಕಿನಲ್ಲಿ ನಿಜವಾಗಿ ಏನಿದೆ? ಎರಡೂ ಸಣ್ಣ ಪ್ರಶ್ನೆಗಳೇ. ಆದರೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ಊರಿನ ಸುತ್ತಮುತ್ತಲೇ ಬಂದು ನಿಲ್ಲುತ್ತೇವೆ.

ಮೊದಲು ಟೋಪಿಯ ವಿಷಯ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಯನನ್ನು ಕಣ್ಣಾರೆ ಕಂಡವನು. ಅವನು ಬರೆದ ಪ್ರಕಾರ ರಾಯ ಮಧ್ಯಮ ಎತ್ತರದ ಆಳು, ಸ್ವಲ್ಪ ದಪ್ಪ, ಮುಖದ ಮೇಲೆ ಸಿಡುಬಿನ ಕಲೆಗಳು. ಚಿನ್ನದ ಹೂಗಳ ಕಸೂತಿಯಿದ್ದ ಬಿಳಿ ಬಟ್ಟೆ ಉಟ್ಟಿದ್ದ, ಕೊರಳಲ್ಲಿ ವಜ್ರದ ಪದಕವಿತ್ತು, ತಲೆಯ ಮೇಲೆ ಜರಿಯ ಟೋಪಿ. ಕಾಲಿಗೆ ಮಾತ್ರ ಏನೂ ಇಲ್ಲ, ಬರಿಗಾಲು! ಸಿಡುಬಿನ ಕಲೆಯ, ಬರಿಗಾಲಿನ ರಾಯನನ್ನು ನಮ್ಮ ಶಾಲಾ ನಾಟಕದಲ್ಲಿ ಇದುವರೆಗೆ ಯಾರೂ ಮಾಡಿಲ್ಲ. ನಾವೂ ಬಂಗಾರದ ಕಾಗದ ಅಂಟಿಸಿದ ಕಿರೀಟವನ್ನೇ ಮಕ್ಕಳ ತಲೆಗೆ ಹಾಕುತ್ತಾ ಬಂದಿದ್ದೇವೆ.

ಈ ಎತ್ತರದ ಟೋಪಿಗೆ ತೆಲುಗಿನಲ್ಲಿ ಕುಳ್ಳಾಯಿ, ಕನ್ನಡದಲ್ಲಿ ಕುಲಾವಿ ಎಂದು ಹೆಸರು. ಆ ಆಸ್ಥಾನಕ್ಕೆ ಹೋಗುವವರ ಉಡುಪೇ ಅದು. ರಾಯನಿಗಿಂತ ಮೊದಲು, ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥ ಈ ಟೋಪಿ, ಆ ದೊಡ್ಡ ನಿಲುವಂಗಿ ಹಾಕಿಕೊಳ್ಳಬೇಕಾಯಿತಲ್ಲ ಎಂದು ಗೊಣಗಿದ ಪದ್ಯವೊಂದು ಅವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ತಿರುಮಲೆಯಲ್ಲಿ ರಾಯ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರುವ ಲೋಹದ ವಿಗ್ರಹದಲ್ಲೂ ತಲೆಯ ಮೇಲಿರುವುದು ಎತ್ತರದ ಟೋಪಿಯೇ. ಕಿರೀಟ ಇರಲೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಕಂಡವರು ಬರೆದದ್ದು, ಕಂಡರಿಸಿದವರು ತೋರಿಸಿದ್ದು ಟೋಪಿ ಎಂದಷ್ಟೇ ಹೇಳುತ್ತಿದ್ದೇವೆ.

ಅಷ್ಟು ದೂರ ಹೋಗಲಾಗದವರು ಹಿಂದೂಪುರದ ಹತ್ತಿರದ ಲೇಪಾಕ್ಷಿಗೆ ಹೋಗಿ. ವೀರಭದ್ರನ ಗುಡಿಯ ಮಂಟಪದಲ್ಲಿ ತಲೆ ಎತ್ತಿ ನೋಡಿ. ರಾಯನ ತಮ್ಮ ಅಚ್ಯುತದೇವರಾಯನ ಕಾಲದ ಚಿತ್ರಗಳವು. ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಅಣ್ಣತಮ್ಮಂದಿರು ಪರಿವಾರದೊಂದಿಗೆ ನಿಂತಿದ್ದಾರೆ. ಎಲ್ಲರ ತಲೆಯ ಮೇಲೂ ಉದ್ದುದ್ದ ಟೋಪಿಗಳು! ನಂದಿಯ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರುವ ನಮ್ಮ ಶಾಲಾ ಪ್ರವಾಸಗಳಲ್ಲಿ ಈ ಟೋಪಿಗಳನ್ನು ಎಷ್ಟು ಮಕ್ಕಳು ನೋಡಿದ್ದಾರೆ?

ಈಗ ಪರಾಕಿನ ವಿಷಯ. ಹಳೆಯ ಟೂರಿಂಗ್ ಟಾಕೀಸಿನ ಹಾರ್ನ್ ಸ್ಪೀಕರಿನಲ್ಲಿ ಈ ಮಾತುಗಳು ಅರ್ಧಂಬರ್ಧ ಕೇಳುತ್ತಿದ್ದವು. ಈಗ ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳುತ್ತವೆ, ಅರ್ಥ ಮಾತ್ರ ಆಗುವುದಿಲ್ಲ. 'ಮೂರು ರಾಯರ ಗಂಡ' ಎಂಬ ಬಿರುದನ್ನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬಂದಿತ್ತು. ಮೂರು ಜನ ರಾಜರಿಗೆ ಗಂಡನಾಗುವುದು ಹೇಗೆ ಸಾರ್? ಮನೆಯಲ್ಲಿ ತೆಲುಗು ಮಾತಾಡುವ ಒಬ್ಬ ಹುಡುಗ ಮಾತ್ರ ನಗಲಿಲ್ಲ. ತೆಲುಗಿನಲ್ಲಿ ಗಂಡಂ ಎಂದರೆ ಜೀವಕ್ಕೆ ಬರುವ ಅಪಾಯ. ಮೂರು ರಾಜರಿಗೆ ಅಪಾಯ ತರುವವನು ಅಂತಲಾ ಸಾರ್ ಎಂದು ಕೇಳಿದ. ಪದದ ದಾರಿ ಬೇರೆಯಾದರೂ ಕನ್ನಡ ಮನೆಯ ಮಕ್ಕಳಿಗಿಂತ ಅವನೇ ಅರ್ಥದ ಹತ್ತಿರ ಬಂದಿದ್ದ! ಹಳೆಯ ಕನ್ನಡದಲ್ಲಿ ಗಂಡ ಎಂದರೆ ವೀರ, ಎದುರಾದವರನ್ನು ಅಡಗಿಸುವವನು. ಗಂಡೆದೆ, ಗಂಡುಗಲಿ ಎನ್ನುತ್ತೇವಲ್ಲ, ಅದೇ ಜಾಡು. ಮೂವರು ರಾಯರು ಯಾರು ಎಂಬುದಕ್ಕೆ ಕೆಲವರು ಚೋಳ, ಚೇರ, ಪಾಂಡ್ಯರೆಂದರೆ, ಇನ್ನು ಕೆಲವರು ಅಶ್ವಪತಿ, ಗಜಪತಿ, ನರಪತಿಗಳೆನ್ನುತ್ತಾರೆ.

ಇನ್ನೊಂದು ಬಿರುದು 'ಭಾಷೆಗೆ ತಪ್ಪುವ ರಾಯರ ಗಂಡ'. ಇದನ್ನು ಕೇಳಿದ ಕೂಡಲೇ ಗಡಿನಾಡಿನ ನಮ್ಮ ಕಿವಿ ನೆಟ್ಟಗಾಗುತ್ತದೆ. ಯಾವ ಭಾಷೆ, ಕನ್ನಡವೋ ತೆಲುಗೋ? ಆದರೆ ಇಲ್ಲಿ ಭಾಷೆ ಎಂದರೆ ಕೊಟ್ಟ ಮಾತು. ನಮ್ಮ ಅಜ್ಜಿಯರು 'ಭಾಷೆ ಕೊಟ್ಟ, ಭಾಷೆ ತಪ್ಪಿದ' ಎನ್ನುತ್ತಿದ್ದರಲ್ಲ, ಆ ಭಾಷೆ. ತೆಲುಗಿನವರೂ ಮಾತು ಕೊಡುವುದಕ್ಕೆ ಬಾಸ ಎಂದೇ ಹೇಳುತ್ತಾರೆ. ಮಾತಿಗೆ ತಪ್ಪುವ ರಾಜರನ್ನು ಅಡಗಿಸುವವನು ಎಂದು ಆ ಬಿರುದಿನ ಅರ್ಥ.

ಈ ಬಿರುದುಗಳು ಕೃಷ್ಣದೇವರಾಯನಿಗೆಂದೇ ಹುಟ್ಟಿದವಲ್ಲ. ಸಂಗಮ ವಂಶದ ಮೊದಲ ದೊರೆಗಳ ಕಾಲದಿಂದ ನಡೆದು ಬಂದವು. ವಿಶೇಷವೆಂದರೆ ವಿಜಯನಗರದ ತೆಲುಗು ಶಾಸನಗಳಲ್ಲೂ ಸಂಸ್ಕೃತದ ತಾಮ್ರಪಟಗಳಲ್ಲೂ ಈ ಕನ್ನಡ ಬಿರುದುಗಳು ಅನುವಾದವಾಗದೆ ಕನ್ನಡದಲ್ಲೇ ಕುಳಿತಿವೆ. ಹಾಗೆಂದು ರಾಯ ನಮ್ಮವನೇ ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ. 'ಆಮುಕ್ತಮಾಲ್ಯದ'ವನ್ನು ಅವನು ಬರೆದದ್ದು ತೆಲುಗಿನಲ್ಲಿ. ಅದೇ ಕೃತಿಯಲ್ಲಿ ದೇವರು ಅವನನ್ನು ಕರೆಯುವುದು ಕನ್ನಡ ರಾಯ ಎಂದು. ಕುಮಾರವ್ಯಾಸ ಬಿಟ್ಟ ಭಾರತವನ್ನು ಕನ್ನಡದಲ್ಲಿ ಮುಗಿಸಿದ ತಿಮ್ಮಣ್ಣ ಕವಿಗೆ ಆಶ್ರಯ ಕೊಟ್ಟವನೂ ಇವನೇ. ವಂಶದ ಹೆಸರು ನೋಡಿದರೆ ತುಳುವ! ಈಗ ಹೇಳಿ, ಯಾವ ಮುಖ ಸರಿ?

ನಮ್ಮ ಮಕ್ಕಳ ಸ್ಥಿತಿಯೂ ಇದೇ ಅಲ್ಲವೇ? ಆಂಧ್ರದ ನೆಲದಲ್ಲಿ ಕನ್ನಡ ಓದುತ್ತಾರೆ, ಅಂಗಡಿಯಲ್ಲಿ ತೆಲುಗು ಮಾತಾಡುತ್ತಾರೆ. ಕನ್ನಡ ಓದಿ ಏನು ಉಪಯೋಗ ಎಂದು ಪೋಷಕರು ಕೇಳಿದಾಗ ನಾವು ತಡವರಿಸುತ್ತೇವೆ. ನೌಕರಿಯ ಲೆಕ್ಕದಲ್ಲಿ ನಮ್ಮ ಹತ್ತಿರ ದೊಡ್ಡ ಉತ್ತರವಿಲ್ಲ. ಆದರೆ ಲೇಪಾಕ್ಷಿಯ ಗೋಡೆಯ ಮೇಲಿರುವ ಹಳೆಯ ಶಾಸನಗಳು ಕನ್ನಡದಲ್ಲಿವೆ. ಅಕ್ಷರದ ರೂಪ ಸ್ವಲ್ಪ ಬೇರೆ, ಆದರೂ ಕೂಡಿಸಿ ಕೂಡಿಸಿ ಓದಿದರೆ ಅಲ್ಲೊಂದು ಇಲ್ಲೊಂದು ಪದ ಸಿಗುತ್ತದೆ. ಸಿನಿಮಾದಲ್ಲಿ ಕೇಳಿಸದ ಮಾತನ್ನು ಕಲ್ಲಿನ ಮೇಲೆ ತಾನೇ ಓದುವ ಮಗು ಈ ಜಿಲ್ಲೆಯಲ್ಲಿ ಇರಬೇಕಾದರೆ ಕನ್ನಡ ಓದುವ ಮಗು ಇರಲೇಬೇಕು.

ಈ ವರ್ಷದ ವಾರ್ಷಿಕೋತ್ಸವಕ್ಕೆ ನಾವೊಂದು ತೀರ್ಮಾನ ಮಾಡಿದ್ದೇವೆ. ನಮ್ಮ ರಾಯ ಉದ್ದ ಟೋಪಿ ಹಾಕಿ ಬರಿಗಾಲಿನಲ್ಲಿ ಬರುತ್ತಾನೆ. ಪರಾಕು ಹೇಳುವ ಹುಡುಗ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಾನೆ. ನೋಡುವವರು ನಕ್ಕರೆ ನಗಲಿ, ನಾಟಕ ಮುಗಿದ ಮೇಲೆ ಅರ್ಥ ಹೇಳುತ್ತೇವೆ.