ಹಿಮದೊಳಗಿನ ಕೆಂಡ

ಬೂದಿ ಮುಚ್ಚಿದ ಕೆಂಡ ಬೆಳಗಿನವರೆಗೆ ಬಿಸಿಯಾಗಿರುವುದು ಒಲೆ ಉರಿಸಿದವರಿಗೆಲ್ಲ ಗೊತ್ತು. ಪ್ಲುಟೋನಿಯಂ-238ರ ಕಾವು ಅರ್ಧಕ್ಕಿಳಿಯಲು ಮಾತ್ರ ಸುಮಾರು 88 ವರ್ಷ ಬೇಕು. ಆ ಕಾವಿನಿಂದಲೇ ವಿದ್ಯುತ್ ತೆಗೆಯುವ ಯಂತ್ರವೊಂದನ್ನು 1965ರಲ್ಲಿ ಅಮೆರಿಕ ಮತ್ತು ಭಾರತದ ಗುಪ್ತಚರರು ನಂದಾದೇವಿ ಪರ್ವತಕ್ಕೆ ಹೊರಿಸಿದರು. ಚೀನಾದ ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡುವ ಉಪಕರಣಕ್ಕೆ ಅದು ಶಕ್ತಿ ಕೊಡಬೇಕಿತ್ತು. ಹಿಮಗಾಳಿ ಎದ್ದಿತು, ಯಂತ್ರವನ್ನು ನಡುದಾರಿಯಲ್ಲೇ ಬಿಟ್ಟು ಎಲ್ಲರೂ ಇಳಿದರು. 1966ರಲ್ಲಿ ಹುಡುಕಿದರೆ ಅಲ್ಲಿರಲಿಲ್ಲ, ಇಂದಿಗೂ ಸಿಕ್ಕಿಲ್ಲ.

ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿಗೆ ಇದನ್ನು ತಿಳಿಸಿದ್ದು 1978ರಲ್ಲಿ. ಆಮೇಲೆ ನೀರನ್ನು ಪರೀಕ್ಷಿಸಿದಾಗ ವಿಕಿರಣದ ಸುಳಿವು ಕಾಣಲಿಲ್ಲ, ನಿಜ. ಆದರೂ ಆ ಹಿಮ ಕರಗಿ ಸೇರುವುದು ಗಂಗೆಯನ್ನು. ಗಂಗೆಯ ಪಾಠ ಮಾಡುವಾಗಲೆಲ್ಲ ನನಗೆ ಅನಿಸುತ್ತದೆ: ಆ ನೀರು ಹೊತ್ತು ತರುವ ಹೆಂಗಸರಿಗೆ ಅಷ್ಟು ವರ್ಷ ಯಾರೂ ಒಂದು ಮಾತು ಹೇಳಲಿಲ್ಲವಲ್ಲ!